ತನಗೇ ನಷ್ಟ ತರಬಹುದಾದ ಷರತ್ತನ್ನು ಕೆಲಸಗಾರ ಯಾಕೆ ಒಪ್ಪಿಕೊಂಡ? ಮೈಸೂರಿನ ಒಂದು ಪ್ರಯೋಗದ ಸುತ್ತ ಚರ್ಚೆ

ಕುಕ್ಕರಹಳ್ಳಿ (ಚರ್ಚೆ ಆರಂಭಿಸಿದವರು)

ಪದವಿ ಕಾಲೇಜಿನಲ್ಲಿ ಅರ್ಥಶಾಸ್ತ್ರ ಪಾಠ ಮಾಡುತ್ತೇನೆ. ನಮ್ಮ ಪಠ್ಯದ ಮೊದಲ ಅಧ್ಯಾಯದಲ್ಲೇ ಬರುವ ಮನುಷ್ಯ ಲೆಕ್ಕದಲ್ಲಿ ಬಲು ಪಕ್ಕಾ. ಬೆಳಿಗ್ಗೆ ಮಾಡಿದ ನಿರ್ಧಾರಕ್ಕೆ ಸಂಜೆಯೂ ಬದ್ಧ, ಕೈಗೆ ಬರುವ ದುಡ್ಡನ್ನು ಕಾರಣವಿಲ್ಲದೆ ಬಿಡುವವನಲ್ಲ. ಇಂಥ ಮನುಷ್ಯ ನಿಜಕ್ಕೂ ಇದ್ದಾನೆಯೇ ಎಂದು ಪರೀಕ್ಷೆ ಮಾಡಿ ನೋಡಿದ ಒಂದು ಗಟ್ಟಿ ಪ್ರಯೋಗ ನಮ್ಮ ಮೈಸೂರಿನಲ್ಲೇ ನಡೆದಿದೆ. ಊರಿನವರಿಗೇ ಅದರ ಸುದ್ದಿ ಗೊತ್ತಿಲ್ಲ, ಅದಕ್ಕೆ ಇಲ್ಲಿ ಬರೆಯುತ್ತಿದ್ದೇನೆ.

ಸುಪ್ರೀತ್ ಕೌರ್, ಮೈಕೆಲ್ ಕ್ರೆಮರ್, ಸೆಂಧಿಲ್ ಮುಲ್ಲೈನಾಥನ್ ಮೂವರು ಸೇರಿ ಡೇಟಾ ಎಂಟ್ರಿ ಕೆಲಸಗಾರರ ನಡುವೆ 13 ತಿಂಗಳು ನಡೆಸಿದ ಅಧ್ಯಯನ ಇದು, 2015ರಲ್ಲಿ ಪ್ರಕಟವಾಯಿತು. ಕೆಲಸವೂ ನಿಜವಾದದ್ದು, ಕೂಲಿಯೂ ನಿಜವಾದದ್ದು. ತಪ್ಪಿಲ್ಲದೆ ಎಷ್ಟು ಟೈಪ್ ಮಾಡಿದರೋ ಅಷ್ಟಕ್ಕೆ ಪೀಸ್ ರೇಟ್, ವಾರಕ್ಕೊಮ್ಮೆ ಬಟವಾಡೆ. ಇದರ ಜೊತೆಗೆ ಕೆಲವು ದಿನ ಕೆಲಸಗಾರರ ಮುಂದೆ ಒಂದು ಆಯ್ಕೆ ಇಟ್ಟರು. ಇವತ್ತಿನ ಟಾರ್ಗೆಟ್ ಎಷ್ಟೆಂದು ನೀವೇ ಹೇಳಿ. ಮುಟ್ಟಿದರೆ ಮಾಮೂಲಿ ರೇಟ್. ಮುಟ್ಟದಿದ್ದರೆ ಅವತ್ತು ಮಾಡಿದ್ದಕ್ಕೆಲ್ಲ ಅರ್ಧ ರೇಟ್. ಟಾರ್ಗೆಟ್ಟೇ ಬೇಡ ಎನ್ನುವವರು ಸೊನ್ನೆ ಎಂದರೆ ಸಾಕು, ಎಂದಿನ ಲೆಕ್ಕವೇ.

ಗಮನಿಸಿ, ಟಾರ್ಗೆಟ್ ಮುಟ್ಟಿದವನಿಗೆ ಒಂದು ಪೈಸೆ ಹೆಚ್ಚು ಸಿಗುವುದಿಲ್ಲ. ತಪ್ಪಿದರೆ ಮಾತ್ರ ಕಳೆದುಕೊಳ್ಳುತ್ತಾನೆ. ಪಠ್ಯದ ಮನುಷ್ಯ ಇದನ್ನು ಎಂದೂ ಮುಟ್ಟಬಾರದು. ಆದರೆ ಆಯ್ಕೆ ಇಟ್ಟಾಗಲೆಲ್ಲ ಸುಮಾರು ಮೂರರಲ್ಲಿ ಒಂದು ಸಲ ಕೆಲಸಗಾರರು ಸೊನ್ನೆಗಿಂತ ಹೆಚ್ಚಿನ ಟಾರ್ಗೆಟ್ ಹೇಳಿ, ದಂಡದ ಷರತ್ತನ್ನು ತಾವಾಗಿಯೇ ತಲೆಯ ಮೇಲೆ ಹಾಕಿಕೊಂಡರು.

ಯಾಕೆ? ನನ್ನ ಉತ್ತರ ಆಮೇಲೆ ಬರೆಯುತ್ತೇನೆ. ಮೊದಲು ನಿಮ್ಮದು ಹೇಳಿ.


ಹೊಲಿಗೆ_ಲೈನ್

ಟಾರ್ಗೆಟ್ ಅನ್ನೋ ಮಾತು ಕೇಳಿದರೇ ನನಗೆ ಸಿಟ್ಟು ಬರುತ್ತೆ ಸರ್. ಗಾರ್ಮೆಂಟ್ಸ್‌ನಲ್ಲಿ ಟೈಲರ್ ಆಗಿ ಸೇರಿ ಆಮೇಲೆ ಸೂಪರ್‌ವೈಸರ್ ಆದವಳು ನಾನು. ಗಂಟೆಗೆ ಇಷ್ಟು ಪೀಸ್ ಅಂತ ಲೈನಿನ ತಲೆಯಲ್ಲಿ ಬೋರ್ಡ್ ಇರುತ್ತೆ. ಕಾಲರ್ ಹಾಕೋಳ ಹತ್ತಿರ ಬಂಡಲ್ ನಿಂತುಹೋದರೆ ಅವಳ ಮುಂದಿನವರಿಗೆ ಕೈಗೆ ಕೆಲಸ ಬರಲ್ಲ, ಆದರೂ ಬೈಗುಳ ಮಾತ್ರ ಇಡೀ ಲೈನಿಗೆ. ಮಧ್ಯಾಹ್ನ ನೀರು ಕುಡಿದರೆ ಬಾತ್‌ರೂಮಿಗೆ ಹೋಗಬೇಕಾಗುತ್ತೆ ಅಂತ ನೀರೇ ಕುಡಿಯದ ಹುಡುಗಿಯರನ್ನು ನೋಡಿದ್ದೀನಿ.

ಅದಕ್ಕೆ ಕೇಳ್ತೀನಿ, ಆ ಕೆಲಸಗಾರರು ನಿಜವಾಗಿ "ತಾವಾಗಿಯೇ" ಆರಿಸಿಕೊಂಡರಾ? ಸೊನ್ನೆ ಅಂದರೆ ಸೋಮಾರಿ ಅಂದುಕೊಳ್ಳುತ್ತಾರೆ ಅನ್ನೋ ಭಯಕ್ಕೆ ಒಂದು ನಂಬರ್ ಹೇಳಿರಬಹುದಲ್ಲ?


ಕುಕ್ಕರಹಳ್ಳಿ

ಮೇಡಂ, ಈ ಪ್ರಶ್ನೆ ಬರಲೇಬೇಕಿತ್ತು. ಅದಕ್ಕೆ ಉತ್ತರ ಪ್ರಯೋಗದ ಇನ್ನೊಂದು ಭಾಗದಲ್ಲಿದೆ, ನನ್ನ ಮಟ್ಟಿಗೆ ಇಡೀ ಅಧ್ಯಯನದ ಜೀವವೇ ಅದು.

ಬಟವಾಡೆಯ ದಿನ ಎಲ್ಲರಿಗೂ ಒಂದೇ ಇರಲಿಲ್ಲ. ಯಾರಿಗೆ ವಾರದ ಯಾವ ದಿನ ಎಂಬುದನ್ನು ಲಾಟರಿ ಎತ್ತಿದ ಹಾಗೆ ಗೊತ್ತುಮಾಡಿದ್ದರು. ಆಗ ಕಂಡದ್ದು: ಬಟವಾಡೆ ಹತ್ತಿರ ಬಂದಂತೆ ಕೆಲಸ ಏರುತ್ತದೆ. ವಾರದ ಚಕ್ರದ ಆರಂಭಕ್ಕೆ ಹೋಲಿಸಿದರೆ ಬಟವಾಡೆಯ ದಿನ ಉತ್ಪಾದನೆ ಸುಮಾರು ಶೇ. 8ರಷ್ಟು ಹೆಚ್ಚು. ಪೀಸ್ ರೇಟ್ ಎಲ್ಲ ದಿನವೂ ಒಂದೇ ಆಗಿರುವಾಗ ಹೀಗಾಗಲು ಕಾರಣವಿಲ್ಲ. ದುಡ್ಡು ಇವತ್ತೇ ಕೈಗೆ ಬರುತ್ತದೆ ಎಂದಾಗ ಬೆರಳು ಚುರುಕು, ಐದು ದಿನ ಬಿಟ್ಟು ಬರುತ್ತದೆ ಎಂದಾಗ ನಿಧಾನ.

ಈ ಏರಿಳಿತ ಎಲ್ಲರಲ್ಲೂ ಒಂದೇ ಸಮ ಇರಲಿಲ್ಲ. ಯಾರಲ್ಲಿ ಹೆಚ್ಚಿತ್ತೋ ಅವರೇ ದಂಡದ ಷರತ್ತನ್ನು ಹೆಚ್ಚು ಸಲ ಆರಿಸಿಕೊಂಡರು. ಆ ಆಯ್ಕೆ ಸಿಕ್ಕಿದ್ದರಿಂದ ಅವರ ಉತ್ಪಾದನೆ, ಅಂದರೆ ಅವರ ಸಂಪಾದನೆ, ಸುಮಾರು ಶೇ. 9 ಏರಿತು, ಎಲ್ಲರನ್ನೂ ಸೇರಿಸಿದರೆ ಏರಿಕೆ ಶೇ. 2 ಮಾತ್ರ. ಬರೀ ಮೇಲಿನವರ ಭಯವಾಗಿದ್ದರೆ ಬಟವಾಡೆಯ ದಿನದ ಏರಿಳಿತಕ್ಕೂ ಷರತ್ತಿನ ಆಯ್ಕೆಗೂ ಇಷ್ಟು ನಂಟು ಇರಬೇಕಾಗಿರಲಿಲ್ಲ.

ನನ್ನ ಓದು ಇಷ್ಟು. ಆ ಕೆಲಸಗಾರರಿಗೆ ತಮ್ಮ ಸ್ವಭಾವ ಗೊತ್ತಿತ್ತು. ಮಧ್ಯಾಹ್ನ ಮೂರು ಗಂಟೆಗೆ ಕೈ ಸಡಿಲ ಬಿಡುವವನು ತಾನೇ ಎಂದು ಬೆಳಿಗ್ಗೆಯೇ ತಿಳಿದು, ಅವನಿಗೆ ಲಗಾಮು ಹಾಕಲು ಒಂದು ಉಪಾಯ ಹುಡುಕುತ್ತಿದ್ದರು. ಇದನ್ನು ದೌರ್ಬಲ್ಯ ಎಂದು ಕರೆಯಲು ನನಗೆ ಮನಸ್ಸಿಲ್ಲ. ತನ್ನನ್ನು ತಾನು ಬಲ್ಲವನ ಲೆಕ್ಕ ಇದು. ಪಠ್ಯದ ಮನುಷ್ಯನಿಗೆ ಈ ಲೆಕ್ಕದ ಅಗತ್ಯವೇ ಬೀಳುವುದಿಲ್ಲ.


ಕಡಲತೀರ

ಉಡುಪಿ ಕಡೆಯವನು. ಒಂದು ಸಹಕಾರಿ ಸಂಘಕ್ಕೆ ಪಿಗ್ಮಿ ಸಂಗ್ರಹ ಮಾಡಿ ಈಗ ನಿವೃತ್ತ. ಕುಕ್ಕರಹಳ್ಳಿಯವರ ಮಾತು ಓದಿ ಖುಷಿಯಾಯಿತು. ಪ್ರಯೋಗದವರು 2015ರಲ್ಲಿ ಬರೆದದ್ದನ್ನು ನಮ್ಮ ಜಿಲ್ಲೆಯವರು 1928ರಲ್ಲೇ ಬ್ಯಾಂಕಿನ ಯೋಜನೆ ಮಾಡಿದ್ದರು. ಸಿಂಡಿಕೇಟ್ ಬ್ಯಾಂಕಿನ ಪಿಗ್ಮಿ ಠೇವಣಿ, ಡಾ. ಟಿ.ಎಂ.ಎ. ಪೈಯವರು ತಂದದ್ದು. ಏಜೆಂಟ್ ಮನೆ ಬಾಗಿಲಿಗೆ, ಅಂಗಡಿ ಬಾಗಿಲಿಗೆ ಬಂದು ದಿನಕ್ಕೆ ಎರಡಾಣೆ ತೆಗೆದುಕೊಂಡು ಹೋಗುವುದು.

ಬಡ್ಡಿ ನೋಡಿದರೆ ಪಿಗ್ಮಿಗೆ ಯಾರೂ ಸೇರಬಾರದು. ಅವಧಿಗೆ ಮೊದಲು ತೆಗೆದರೆ ಕಡಿತ. ಏಜೆಂಟರ ಕಮಿಷನ್ ಬೇರೆ. ಆದರೂ ಜನ ಸೇರಿದರು, ಈಗಲೂ ಸೇರುತ್ತಾರೆ.

ನನ್ನ ಲೈನಿನಲ್ಲಿ ಒಬ್ಬರು ಮೀನು ಮಾರುವ ಅಮ್ಮ ಇದ್ದರು. ಬುಟ್ಟಿ ಖಾಲಿಯಾಗುವ ಹೊತ್ತಿಗೆ ಸರಿಯಾಗಿ ನಾನು ಅಲ್ಲಿರಬೇಕು. ಅರ್ಧ ಗಂಟೆ ತಡವಾದರೆ ಬೈಯುತ್ತಿದ್ದರು. "ನೀನು ಬರುವ ಮೊದಲು ನನ್ನ ಮಗ ಬಂದರೆ ಈ ದುಡ್ಡು ನನ್ನದಲ್ಲ" ಎನ್ನುವರು. ಇನ್ನೊಬ್ಬರು ಹೋಟೆಲಿನವರು. "ನಾಳೆ ಬನ್ನಿ ಅಂತ ನಾನೇ ಹೇಳಿದರೂ ಹೋಗಬೇಡಿ, ನಿಂತುಕೊಳ್ಳಿ" ಎಂದು ಮೊದಲ ದಿನವೇ ಹೇಳಿದ್ದರು. ನಿಂತುಕೊಳ್ಳುವುದೇ ನನ್ನ ಉದ್ಯೋಗ ಎಂದು ಅಂದು ಅರ್ಥವಾಯಿತು.

ಆದ್ದರಿಂದ ಒಂದು ಸೇರಿಸುತ್ತೇನೆ. ಜನ ಬರೀ ತಮ್ಮ ಮನಸ್ಸಿನ ಜೊತೆ ಹೋರಾಡುವುದಲ್ಲ. ಕೈಯಲ್ಲಿ ದುಡ್ಡು ಕಂಡರೆ ಕೇಳುವವರು ಸುತ್ತ ಇರುತ್ತಾರೆ. "ಪಿಗ್ಮಿಗೆ ಕೊಟ್ಟಾಯಿತು" ಎಂದರೆ ಯಾರನ್ನೂ ನೋಯಿಸದೆ ಇಲ್ಲ ಎಂದ ಹಾಗಾಯಿತು.


ಅಂಕಿ_ಸಂಖ್ಯೆ

ಕಡಲತೀರ ಸರ್ ಹೇಳಿದ ಕೊನೆಯ ಮಾತು ಸಂಶೋಧನೆಯಲ್ಲೂ ಬಹಳ ಮುಖ್ಯ. ಬೆಂಗಳೂರಿನಲ್ಲಿ ಪಿಎಚ್‌ಡಿ ಮಾಡುತ್ತಿದ್ದೇನೆ, ಇದೇ ವಿಷಯದ ಅಂಚಿನಲ್ಲಿ. ಹಿನ್ನೆಲೆ ಗೊತ್ತಿಲ್ಲದವರಿಗೆ ಸ್ವಲ್ಪ ಬರೆಯುತ್ತೇನೆ.

ಅರ್ಥಶಾಸ್ತ್ರದಲ್ಲಿ ಪ್ರಯೋಗ ಎರಡು ದಾರಿಯಿಂದ ಬಂತು. ಒಂದು ಮನಶ್ಶಾಸ್ತ್ರಜ್ಞರ ದಾರಿ. ಡೇನಿಯಲ್ ಕಾಹ್ನೆಮನ್, ಏಮಸ್ ಟ್ವರ್ಸ್ಕಿ ಇಬ್ಬರೂ 1979ರಲ್ಲಿ ಬರೆದ ಪ್ರಬಂಧದ ತಿರುಳು: ಮನುಷ್ಯ ತನ್ನ ಒಟ್ಟು ಆಸ್ತಿ ಎಷ್ಟಾಯಿತೆಂದು ನೋಡುವುದಿಲ್ಲ, ಈಗ ನಿಂತ ಜಾಗದಿಂದ ಬಂದದ್ದೆಷ್ಟು ಹೋದದ್ದೆಷ್ಟು ಎಂದು ನೋಡುತ್ತಾನೆ, ಹೋದದ್ದರ ನೋವು ಬಂದದ್ದರ ಸಂತೋಷಕ್ಕಿಂತ ಹೆಚ್ಚು ತೂಗುತ್ತದೆ. 1992ರಲ್ಲಿ ಅವರೇ ಅಳೆದಾಗ ಸುಮಾರು ಎರಡೂಕಾಲು ಪಟ್ಟು ಬಂತು. ಅವರ 1981ರ ಪ್ರಸಿದ್ಧ ಪ್ರಶ್ನೆ ತರಗತಿಯಲ್ಲಿ ಈಗಲೂ ಕೇಳಬಹುದು. ಒಂದು ರೋಗದಿಂದ 600 ಜನ ಸಾಯುವಂತಿದೆ. "200 ಜನ ಖಚಿತವಾಗಿ ಉಳಿಯುತ್ತಾರೆ" ಎಂದು ಬರೆದಾಗ ಶೇ. 72 ಮಂದಿ ಆ ಖಚಿತ ದಾರಿ ಹಿಡಿದರು. ಅದನ್ನೇ "400 ಜನ ಖಚಿತವಾಗಿ ಸಾಯುತ್ತಾರೆ" ಎಂದು ಬರೆದಾಗ ಇನ್ನೊಂದು ಗುಂಪಿನಲ್ಲಿ ಶೇ. 78 ಮಂದಿ ಅದನ್ನು ಬಿಟ್ಟು, ಎಲ್ಲರೂ ಉಳಿಯಲೂಬಹುದು ಒಬ್ಬರೂ ಉಳಿಯದಿರಲೂಬಹುದು ಎಂಬ ಜೂಜಿನ ದಾರಿ ಹಿಡಿದರು. ಲೆಕ್ಕ ಒಂದೇ, ಮಾತು ಮಾತ್ರ ಬೇರೆ.

ಇನ್ನೊಂದು ದಾರಿ ವರ್ನನ್ ಸ್ಮಿತ್ ಅವರದು. 1956ರಿಂದ ಪರ್ಡ್ಯೂ ವಿಶ್ವವಿದ್ಯಾಲಯದ ತರಗತಿಯಲ್ಲಿ ವಿದ್ಯಾರ್ಥಿಗಳನ್ನೇ ಮಾರುವವರು, ಕೊಳ್ಳುವವರು ಎಂದು ವಿಂಗಡಿಸಿ ಕೂಗಿ ವ್ಯಾಪಾರ ಮಾಡಿಸಿದರು. ಯಾರಿಗೂ ಬೇರೆಯವರ ಲೆಕ್ಕ ಗೊತ್ತಿಲ್ಲ, ಇದ್ದವರೂ ಕೆಲವೇ ಮಂದಿ. ಆದರೂ ಕೆಲವು ಸುತ್ತಿನಲ್ಲೇ ಬೆಲೆ ಸಿದ್ಧಾಂತ ಹೇಳಿದ ಕಡೆಗೆ ಬಂದು ನಿಂತಿತು. 2002ರ ನೊಬೆಲ್ ಕಾಹ್ನೆಮನ್, ಸ್ಮಿತ್ ಇಬ್ಬರಿಗೂ ಬಂತು. ಒಬ್ಬರು ಒಂಟಿ ಮನುಷ್ಯ ಎಲ್ಲಿ ಎಡವುತ್ತಾನೆ ಎಂದು ತೋರಿಸಿದರು, ಇನ್ನೊಬ್ಬರು ಒಳ್ಳೆಯ ನಿಯಮ ಇದ್ದರೆ ಎಡವುವ ಜನರೇ ಸೇರಿ ಸರಿಯಾದ ಬೆಲೆ ಮುಟ್ಟಬಲ್ಲರು ಎಂದು ತೋರಿಸಿದರು. ಸ್ಮಿತ್ ಅವರೇ 1988ರಲ್ಲಿ ಇಬ್ಬರು ಸಹೋದ್ಯೋಗಿಗಳೊಂದಿಗೆ ಪ್ರಕಟಿಸಿದ ಷೇರು ಪ್ರಯೋಗದಲ್ಲಿ ಮಾತ್ರ ನಿಜವಾದ ಬೆಲೆ ಎಲ್ಲರಿಗೂ ಲೆಕ್ಕ ಹಾಕಲು ಬರುವಂತಿದ್ದರೂ ಬೆಲೆ ಉಬ್ಬಿ ಆಮೇಲೆ ದಪ್ಪನೆ ಬಿತ್ತು.

ಅರ್ಥಶಾಸ್ತ್ರದ ಲ್ಯಾಬುಗಳಲ್ಲಿ ಎರಡು ಕಟ್ಟುನಿಟ್ಟು ಇವೆ: ನಿಜವಾದ ದುಡ್ಡು ಕೊಡಬೇಕು, ಭಾಗವಹಿಸುವವರಿಗೆ ಸುಳ್ಳು ಹೇಳಬಾರದು. ಒಂದು ಸಲ ಸುಳ್ಳು ಹೇಳಿದರೆ ಮುಂದಿನ ಸಲ ಬರುವವರು ಸೂಚನೆಯನ್ನೇ ನಂಬುವುದಿಲ್ಲ.


ಕಬ್ಬಿನ_ಗದ್ದೆ

ಮಂಡ್ಯ ಜಿಲ್ಲೆ. ನಾವು ಕಬ್ಬು ಹಾಕೋರು ಕಣ್ರೀ. ಇಲ್ಲಿ ಒಂದು ಮಾತು ಕೇಳ್ಬೇಕು ಅನ್ನಿಸ್ತು.

ಕೈ ಸಡಿಲ, ಲಗಾಮು, ಸ್ವಭಾವ ಅಂತೆಲ್ಲಾ ಮಾತಾಡ್ತಿದ್ದೀರಿ. ಬಡವರು ಸಾಲ ಮಾಡಿದ್ರೆ ಬುದ್ಧಿ ಇಲ್ಲ ಅಂತಾರೆ, ಉಳಿಸದಿದ್ರೆ ಮನಸ್ಸು ಗಟ್ಟಿ ಇಲ್ಲ ಅಂತಾರೆ. ಕಬ್ಬು ಸಾಗಿಸಿದ 14 ದಿನದೊಳಗೆ ದುಡ್ಡು ಕೊಡ್ಬೇಕು ಅಂತ ಕಾನೂನಿದೆ. ನಮ್ಮನೆಗೆ ಅದು ಬಂದಿರೋದು ತಿಂಗಳುಗಟ್ಟಲೆ ಕಾದ ಮೇಲೆ. ಆ ಕಾಯೋ ದಿನಗಳಲ್ಲಿ ಅಪ್ಪ ಬೆಳಿಗ್ಗೆ ಎದ್ದರೆ ಬಾಯಲ್ಲಿ ಅದೇ ಲೆಕ್ಕ: ಒಡವೆ ಅಡವಿನ ಬಡ್ಡಿ ಯಾವಾಗ, ಗೊಬ್ಬರದಂಗಡಿ ಬಾಕಿ ಎಷ್ಟು, ಟ್ರ್ಯಾಕ್ಟರಿನವನಿಗೆ ಏನು ಹೇಳೋದು. ಪೈಪಿನ ವಾಲ್ವ್ ತಿರುಗಿಸೋದನ್ನೇ ಮರೆತು ಒಂದು ರಾತ್ರಿಯೆಲ್ಲಾ ಪಕ್ಕದೋರ ಗದ್ದೆಗೆ ನೀರು ಹೋಗಿತ್ತು. ದುಡ್ಡು ಬಂದ ಮೇಲೆ ಅದೇ ಮನುಷ್ಯ ಒಂದೂ ಮರೆಯಲ್ಲ.

ಇದನ್ನ ಯಾರಾದ್ರೂ ಪ್ರಯೋಗ ಮಾಡಿ ನೋಡವ್ರಾ?


ಅಂಕಿ_ಸಂಖ್ಯೆ

ನೋಡಿದ್ದಾರೆ ಸರ್, ಅದೂ ಕಬ್ಬಿನ ರೈತರಲ್ಲೇ. ತಮಿಳುನಾಡಿನ ಹಳ್ಳಿಗಳಲ್ಲಿ 464 ರೈತರನ್ನು ಕಟಾವಿಗೆ ಮೊದಲು ಒಂದು ಸಲ, ದುಡ್ಡು ಬಂದ ಮೇಲೆ ಇನ್ನೊಂದು ಸಲ ಪರೀಕ್ಷೆ ಮಾಡಿದರು. ಚಿತ್ರದ ವಿನ್ಯಾಸದಲ್ಲಿ ಬಿಟ್ಟುಹೋದ ತುಣುಕು ಹುಡುಕುವುದು, ಗಮನ ಹಿಡಿದಿಟ್ಟುಕೊಳ್ಳುವುದು, ಇಂಥ ಪರೀಕ್ಷೆಗಳು. ಆನಂದಿ ಮಣಿ, ಮುಲ್ಲೈನಾಥನ್, ಎಲ್ದಾರ್ ಶಫೀರ್, ಜಿಯಾಯಿಂಗ್ ಝಾವ್ ಸೇರಿ 2013ರಲ್ಲಿ ಪ್ರಕಟಿಸಿದ್ದು. ಕಟಾವಿಗೆ ಮೊದಲು ಅದೇ ರೈತ ಕಡಿಮೆ ಅಂಕ ಪಡೆದ, ಕಟಾವಿನ ನಂತರ ಹೆಚ್ಚು. ಕಬ್ಬನ್ನೇ ಯಾಕೆ ಆರಿಸಿದರು ಎಂದರೆ, ಕಾರ್ಖಾನೆಯ ಸರದಿಯಂತೆ ಪಕ್ಕಪಕ್ಕದ ಗದ್ದೆಗಳ ಕಟಾವೂ ಬೇರೆ ಬೇರೆ ತಿಂಗಳಲ್ಲಿ ಬರುತ್ತದೆ. ಹಾಗಾಗಿ ಇದು ಮಳೆಯ ಪರಿಣಾಮ, ಹಬ್ಬದ ಪರಿಣಾಮ ಎಂದು ತಳ್ಳಿಹಾಕಲು ಬರುವುದಿಲ್ಲ. ಅವರ ತೀರ್ಮಾನ ನಿಮ್ಮ ತಂದೆಯವರ ಕಥೆಯೇ: ಬುದ್ಧಿ ಕಡಿಮೆಯಾದದ್ದಲ್ಲ, ಅದರ ದೊಡ್ಡ ಪಾಲನ್ನು ಚಿಂತೆ ತಿಂದುಹಾಕುತ್ತದೆ.

ಆದರೆ ಇದು ಎಲ್ಲ ಕಡೆ ಹೀಗೆಯೇ ಕಂಡಿಲ್ಲ ಎಂಬುದನ್ನೂ ಹೇಳಬೇಕು. 2016ರಲ್ಲಿ ಅಮೆರಿಕದ ಕಡಿಮೆ ಆದಾಯದ ಜನರನ್ನು ಸಂಬಳದ ಹಿಂದಿನ ದಿನಗಳಲ್ಲಿ, ಮುಂದಿನ ದಿನಗಳಲ್ಲಿ ಪರೀಕ್ಷಿಸಿದಾಗ ಇಂಥ ವ್ಯತ್ಯಾಸ ಸಿಗಲಿಲ್ಲ. ತಿಂಗಳ ಸಂಬಳದ ಕೊರತೆ ಬೇರೆ, ವರ್ಷದ ಬೆಳೆಯ ಕೊರತೆ ಬೇರೆ ಇರಬಹುದು.

ನನಗೆ ಹೆಚ್ಚು ಗಟ್ಟಿಯಾಗಿ ಕಾಣುವುದು ಆಮೇಲೆ ಒಡಿಶಾದಲ್ಲಿ ನಡೆದದ್ದು. ಎಲೆಯ ತಟ್ಟೆ ಹೊಲಿಯುವ ಕೂಲಿಗಳು, ಪೀಸ್ ರೇಟ್, ಹೊಲದ ಕೆಲಸವಿಲ್ಲದ ತಿಂಗಳುಗಳು. ಒಟ್ಟು ಕೂಲಿಯಲ್ಲಿ ಯಾವ ಬದಲಾವಣೆಯೂ ಇಲ್ಲ. ಕೆಲವರಿಗೆ ಮಾತ್ರ ಅದರಲ್ಲಿ ಒಂದು ಭಾಗವನ್ನು ಮೊದಲೇ ಕೊಟ್ಟರು. ಅವರು ಕೂಡಲೇ ಸಾಲದ ಬಾಕಿ ತೀರಿಸಿದರು. ಮರುದಿನದಿಂದ ಹೆಚ್ಚು ತಟ್ಟೆ ಹೊಲಿದರು, ತಪ್ಪೂ ಕಡಿಮೆ. ಪೀಸ್ ರೇಟ್ ಏರಿಸದೆ, ಬೈಯದೆ, ಬರೀ ದುಡ್ಡು ಕೊಡುವ ದಿನ ಬದಲಿಸಿದ್ದಕ್ಕೆ.


ಹೊಲಿಗೆ_ಲೈನ್

ಈ ಒಡಿಶಾದ್ದನ್ನು ನಮ್ಮ ಮ್ಯಾನೇಜರ್‌ಗಳಿಗೆ ಓದಿ ಹೇಳಬೇಕು. ಏಳನೇ ತಾರೀಕು ಬರೋ ಸಂಬಳ ಹತ್ತಕ್ಕೆ ಹೋದರೆ ಆ ಮೂರು ದಿನ ರಿಜೆಕ್ಟ್ ಪೀಸ್ ಹೆಚ್ಚಾಗೋದನ್ನ ಲೈನಿನಲ್ಲಿ ನಿಂತವರೆಲ್ಲ ನೋಡಿದ್ದಾರೆ. ಅದಕ್ಕೆ ಟೈಲರ್‌ಗಳನ್ನೇ ಬೈದು ಬಿಡ್ತಾರೆ, ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ.


ಮಲಪ್ರಭಾ

ನಾನು ಧಾರವಾಡ ಕಡೆ ಹೈಸ್ಕೂಲ್ ಶಿಕ್ಷಕಿ. ನೀವೆಲ್ಲಾರೂ ಒಬ್ಬ ಮನುಷ್ಯಾನ ತಲಿಯೊಳಗ ಏನ ನಡೀತೈತಿ ಅನ್ನೂದರ ಬಗ್ಗೆ ಮಾತಾಡಾಕತ್ತೀರಿ. ಸುತ್ತಲಿನ ಮಂದಿ ಅವನ್ನ ಹೆಂಗ ನೋಡ್ತಾರ ಅನ್ನೂದೂ ದುಡಿಮಿ ವಿಷಯಾನ ಅಲ್ಲೇನ್ರಿ?

ಕಾರ್ಲಾ ಹಾಫ್, ಪ್ರಿಯಾಂಕಾ ಪಾಂಡೆ ಅಂತ ಇಬ್ಬರು ಉತ್ತರ ಪ್ರದೇಶದ ಹಳ್ಳಿಯೊಳಗ ಆರನೇ, ಏಳನೇ ಇಯತ್ತೆ ಹುಡುಗರಿಗೆ ಕಾಗದದ ಮ್ಯಾಲಿನ ದಾರಿ ಹುಡುಕೂ ಒಗಟು ಕೊಟ್ಟಿದ್ರು. ಬಿಡಿಸಿದ ಒಂದೊಂದಕ್ಕೂ ರೊಕ್ಕ. ಜಾತಿ ಯಾವುದಂತ ಯಾರೂ ಕೇಳದಿದ್ದಾಗ ಮೇಲ್ಜಾತಿ ಹುಡುಗರೂ ದಲಿತ ಹುಡುಗರೂ ಸರಿಸಮ ಬಿಡಿಸಿದ್ರು. ಅದ ಹುಡುಗರಂಥಾ ಇನ್ನೊಂದು ಗುಂಪಿಗೆ, ಸುರು ಮಾಡೂ ಮೊದಲ ಎಲ್ಲಾರ ಮುಂದ ಹೆಸರು, ಅಪ್ಪನ ಹೆಸರು, ಜಾತಿ ಓದಿ ಹೇಳಿದ್ರು. ಅಷ್ಟಕ್ಕ ದಲಿತ ಹುಡುಗರು ಬಿಡಿಸೂದು ಸುಮಾರು ಶೇ. 20ರಷ್ಟು ಇಳೀತು. ಒಗಟೂ ಅದ, ರೊಕ್ಕಾನೂ ಅಷ್ಟ. 2006ರಾಗ ಇದು ಅಮೆರಿಕದ ದೊಡ್ಡ ಅರ್ಥಶಾಸ್ತ್ರ ಪತ್ರಿಕಾದಾಗ ಬಂತು.

ಇದನ್ನ ಓದಿದ ಮ್ಯಾಲೆ ನಾನು ಹಾಜರಿ ಹೊತ್ತಿನ್ಯಾಗ ಸ್ಕಾಲರ್‌ಶಿಪ್ ಪಟ್ಟಿಯನ್ನ ತರಗತಿಯೊಳಗ ಜೋರಾಗಿ ಓದೂದು ಬಿಟ್ಟೀನಿ. ಒಬ್ಬೊಬ್ಬರನ್ನ ಸ್ಟಾಫ್ ರೂಮಿಗೆ ಕರದ ಸಹಿ ಹಾಕಿಸ್ಕೋತೀನಿ. ಸ್ವಲ್ಪ ಹೊತ್ತು ಹೆಚ್ಚು ಹಿಡೀತೈತಿ, ಅಷ್ಟ.


ಕುಕ್ಕರಹಳ್ಳಿ

ಮಲಪ್ರಭಾ ಮೇಡಂ, ತುಂಬ ಮುಖ್ಯವಾದದ್ದನ್ನು ತಂದಿರಿ. ಸಾಮರ್ಥ್ಯ ಎಂದು ನಾವು ಅಳೆಯುವುದರಲ್ಲಿ ಎಷ್ಟು ಪಾಲು ಕೋಣೆಯ ಗಾಳಿ ಎಂದು ಈ ಒಂದು ಪ್ರಯೋಗ ಬಿಡಿಸಿ ತೋರಿಸುತ್ತದೆ. ಅಂಕಿ ಅಂಶಗಳ ಸಮೀಕ್ಷೆಯಿಂದ ಇದು ಹೊರಬರುತ್ತಿರಲಿಲ್ಲ. ಒಂದನ್ನು ಮಾತ್ರ ಬದಲಿಸಿ ಉಳಿದದ್ದನ್ನೆಲ್ಲ ಹಾಗೆಯೇ ಇಡುವುದು ಪ್ರಯೋಗಕ್ಕಷ್ಟೇ ಸಾಧ್ಯ.

ನಿಮ್ಮ ಉತ್ತರ ಕರ್ನಾಟಕದವರಿಗೆ ಹತ್ತಿರವಾದ ಇನ್ನೊಂದು ಹೇಳುತ್ತೇನೆ. ಎಪಿಎಂಸಿಗಳನ್ನು ಆನ್‌ಲೈನಿನಲ್ಲಿ ಒಂದುಗೂಡಿಸಿದ ಮೇಲೆ ಕರ್ನಾಟಕದ ಒಂದು ದೊಡ್ಡ ಬೇಳೆಕಾಳು ಮಾರುಕಟ್ಟೆಯಲ್ಲಿ ಹರಾಜಿನ ಕ್ರಮವನ್ನೇ ಬದಲಿಸಿ ನೋಡಿದರು. ಮೊದಲಿನಂತೆ ವ್ಯಾಪಾರಿಗಳು ಗುಟ್ಟಾಗಿ ಒಂದು ಬೆಲೆ ಹಾಕುವುದು. ಆಮೇಲೆ ಮೇಲಿನ ಕೆಲವರನ್ನಷ್ಟೇ ಎರಡನೇ ಸುತ್ತಿಗೆ ಕರೆದು ಬೆಲೆ ಏರಿಸಲು ಅವಕಾಶ ಕೊಡುವುದು. ರೈತರಿಗೆ ಸಿಕ್ಕ ಬೆಲೆ ಸುಮಾರು ಶೇ. 4.7 ಏರಿತು. ವ್ಯಾಪಾರಿಗಳು ಅವರೇ, ಕಾಳು ಅದೇ. ಸ್ಮಿತ್ ಹೇಳಿದ ನಿಯಮದ ಮಹತ್ವಕ್ಕೆ ನಮ್ಮದೇ ಮಾರುಕಟ್ಟೆಯ ಸಾಕ್ಷಿ.


ಹೊಸೂರು_ರಸ್ತೆ

ಬೆಂಗಳೂರಿನದ್ದೂ ಒಂದಿದೆ. 2008ರ ಅಕ್ಟೋಬರಿನಿಂದ ಆರು ತಿಂಗಳು ಇನ್ಫೋಸಿಸ್ ಕ್ಯಾಂಪಸ್‌ನಲ್ಲಿ ಸ್ಟ್ಯಾನ್‌ಫರ್ಡ್‌ನ ಬಾಲಾಜಿ ಪ್ರಭಾಕರ್ ಅವರ ತಂಡ, ಬೆಳಿಗ್ಗೆ ಬೇಗ ಬಂದವರಿಗೆ ಪಾಯಿಂಟ್ ಕೊಟ್ಟು ವಾರಕ್ಕೊಮ್ಮೆ ಲಾಟರಿ ಎತ್ತಿತು. ಎಲ್ಲರಿಗೂ ಹಂಚಿದ್ದರೆ ತಲೆಗೆ ಚಿಲ್ಲರೆ ಬರುತ್ತಿತ್ತು, ಅದಕ್ಕೆ ಯಾರೂ ಏಳುತ್ತಿರಲಿಲ್ಲ. ಲಾಟರಿ ಎಂದಾಗ ಬೇಗ ಬರುವವರ ಸಂಖ್ಯೆ ದುಪ್ಪಟ್ಟಾಯಿತು; ಬಸ್ಸಿನಲ್ಲಿ ಬರುವವರ ಸರಾಸರಿ ಪ್ರಯಾಣ 71 ನಿಮಿಷದಿಂದ 54ಕ್ಕೆ ಇಳಿಯಿತು. ಸಣ್ಣ ಸಾಧ್ಯತೆಯನ್ನು ಮನಸ್ಸು ದೊಡ್ಡದಾಗಿ ಕಾಣುತ್ತದೆ ಎಂಬ ಕಾಹ್ನೆಮನ್–ಟ್ವರ್ಸ್ಕಿ ಮಾತು ಇಲ್ಲಿ ಟ್ರಾಫಿಕ್ಕಿಗೆ ಉಪಯೋಗಕ್ಕೆ ಬಂತು.


ಸಂದೇಹಿ

ಎಲ್ಲ ಓದಿದೆ. ಚೆನ್ನಾಗಿದೆ. ಆದರೆ ಈ ಕ್ಷೇತ್ರದ ಮೇಲೆ ಇಷ್ಟು ಭಕ್ತಿ ನನಗಿಲ್ಲ. ಫಾರಂನ ಕೊನೆಯಲ್ಲಿ ಮಾಡುವ ಸಹಿಯನ್ನು ಮೇಲೆಯೇ ಮಾಡಿಸಿದರೆ ಜನ ಪ್ರಾಮಾಣಿಕರಾಗುತ್ತಾರೆ ಎಂಬ 2012ರ ಪ್ರಬಂಧವನ್ನು ಲೋಕವೆಲ್ಲ ಹೊಗಳಿತು. 2021ರಲ್ಲಿ ಅದರ ವಿಮೆ ಕಂಪನಿಯ ದತ್ತಾಂಶವೇ ಕೃತಕ ಎಂದು ಗೊತ್ತಾಗಿ ಪ್ರಬಂಧವನ್ನು ಹಿಂತೆಗೆದುಕೊಂಡರು. ಅಪ್ರಾಮಾಣಿಕತೆಯ ಬಗ್ಗೆಯೇ ಇದ್ದ ಸಂಶೋಧನೆ! ಮನಶ್ಶಾಸ್ತ್ರದ 100 ಪ್ರಯೋಗಗಳನ್ನು ಮರಳಿ ಮಾಡಿದಾಗ ಮೂರರಲ್ಲೊಂದು ಪಾಲಿಗಿಂತ ತುಸು ಹೆಚ್ಚಷ್ಟೇ ನಿಂತವು. ಇದರ ಮೇಲೆ ಸರ್ಕಾರದ ಯೋಜನೆ ಕಟ್ಟಬೇಕೇ?


ಅಂಕಿ_ಸಂಖ್ಯೆ

ನೀವು ಹೇಳಿದ್ದು ಸತ್ಯ, ಮುಚ್ಚಿಡುವಂಥದ್ದೇನೂ ಅಲ್ಲ. ಇನ್ನೂ ಸೇರಿಸುತ್ತೇನೆ. ಅರ್ಥಶಾಸ್ತ್ರದ ಲ್ಯಾಬ್ ಪ್ರಯೋಗಗಳಲ್ಲಿ 18ನ್ನು 2016ರಲ್ಲಿ ಮರಳಿ ಮಾಡಿದಾಗ 11 ನಿಂತವು. ಇನ್ನು ನಡ್ಜ್ ಎಂದು ಕರೆಯುವ ಸಣ್ಣ ಬದಲಾವಣೆಗಳು, ಅಂದರೆ ಪತ್ರದ ಒಕ್ಕಣೆ ಬದಲಿಸುವುದು, ನೆನಪಿನ ಎಸ್ಎಂಎಸ್ ಕಳಿಸುವುದು ಇತ್ಯಾದಿ. ವಿದ್ವತ್ ಪತ್ರಿಕೆಗಳಲ್ಲಿ ಅಚ್ಚಾದವುಗಳ ಸರಾಸರಿ ಪರಿಣಾಮ ಶೇಕಡಾ 8.7 ಅಂಶ, ಅಂದರೆ ನೂರರಲ್ಲಿ ಸುಮಾರು ಒಂಬತ್ತು ಮಂದಿ ಹೆಚ್ಚು. ಅಮೆರಿಕದ ಎರಡು ದೊಡ್ಡ ನಡ್ಜ್ ಘಟಕಗಳು ನಡೆಸಿದ ಎಲ್ಲವನ್ನೂ, ಗೆದ್ದದ್ದನ್ನೂ ಸೋತದ್ದನ್ನೂ ಒಟ್ಟಿಗೆ ಲೆಕ್ಕ ಹಾಕಿದರೆ 1.4 ಅಂಶ. 126 ಪ್ರಯೋಗ, 2 ಕೋಟಿ 30 ಲಕ್ಷ ಜನ. ಗೆದ್ದದ್ದು ಮಾತ್ರ ಅಚ್ಚಾಗುತ್ತದೆ, ಸೋತದ್ದು ಕಪಾಟಿನಲ್ಲಿ ಉಳಿಯುತ್ತದೆ. ಅಂತರ ಬಹುಪಾಲು ಅಲ್ಲಿಂದ ಬಂದದ್ದು.

ಆದರೆ ಆ ದತ್ತಾಂಶ ಸುಳ್ಳೆಂದು ಹಿಡಿದವರು ಯಾರು? ಇದೇ ಕ್ಷೇತ್ರದವರು, ಅಂಕಿಗಳನ್ನು ಮತ್ತೆ ಎಣಿಸಿಯೇ. ಎಲ್ಲವೂ ಬಿದ್ದೂ ಇಲ್ಲ. 1979ರ ಆ ಪ್ರಬಂಧದ ಪ್ರಶ್ನೆಗಳನ್ನು 2020ರಲ್ಲಿ 19 ದೇಶಗಳಲ್ಲಿ ಮರಳಿ ಕೇಳಿದಾಗ ಬಹುಪಾಲು ಹಾಗೆಯೇ ನಿಂತಿತು. ನಾನು ಒಂದು ಅಧ್ಯಯನವನ್ನು ನಂಬುವ ಮೊದಲು ಕೇಳುವುದು: ನಿಜವಾದ ದುಡ್ಡಿತ್ತೇ, ಎಷ್ಟು ದಿನ ನಡೆಯಿತು, ಏನನ್ನು ಅಳೆಯುತ್ತೇವೆ ಎಂದು ಮೊದಲೇ ಬರೆದಿಟ್ಟಿದ್ದರೇ. ಮೈಸೂರಿನದ್ದು ಒಂದು ಮಧ್ಯಾಹ್ನದ ಆಟವಲ್ಲ, 13 ತಿಂಗಳ ದುಡಿಮೆ. ಅದಕ್ಕೇ ಅದಕ್ಕೆ ನನ್ನಲ್ಲಿ ಹೆಚ್ಚು ಬೆಲೆ.


ಹೊಲಿಗೆ_ಲೈನ್

ನನಗೆ ಇನ್ನೊಂದು ಚಿಂತೆ. ಮನುಷ್ಯನ ಮನಸ್ಸು ಎಲ್ಲಿ ಜಾರುತ್ತೆ ಅಂತ ಗೊತ್ತಾದರೆ ಅದನ್ನ ಮೊದಲು ಬಳಸೋರು ನಮ್ಮ ಒಳ್ಳೇದು ಬಯಸೋರಲ್ಲ. ಟಿಕೆಟ್ ಬುಕ್ ಮಾಡುವಾಗ ಕೇಳದೇನೇ ಇನ್ಷೂರೆನ್ಸ್ ಸೇರಿರುತ್ತೆ. "ಇನ್ನು ಎರಡೇ ಉಳಿದಿವೆ" ಅಂತ ಕೆಂಪಕ್ಷರ. ನನ್ನ ತಮ್ಮ ಮೊಬೈಲ್‌ನಲ್ಲಿ ಆಪ್ಷನ್ ಟ್ರೇಡಿಂಗ್, ಅಂದರೆ ಷೇರು ಬೆಲೆ ಏರುತ್ತೋ ಇಳಿಯುತ್ತೋ ಅಂತ ಪಣ ಕಟ್ಟೋ ವ್ಯಾಪಾರ, ಮಾಡಿ ಕಳಕೊಂಡ. ಕಳಕೊಂಡದ್ದನ್ನ ವಾಪಸ್ ತರ್ತೀನಿ ಅಂತ ಇನ್ನಷ್ಟು ಹಾಕಿದ.


ಅಂಕಿ_ಸಂಖ್ಯೆ

ನಿಮ್ಮ ತಮ್ಮ ಒಬ್ಬರೇ ಅಲ್ಲ ಮೇಡಂ. ಷೇರು ಮಾರುಕಟ್ಟೆಯ ನಿಯಂತ್ರಕ ಸೆಬಿ 2024ರ ಸೆಪ್ಟೆಂಬರಿನಲ್ಲಿ ಹೊರಡಿಸಿದ ಲೆಕ್ಕದಲ್ಲಿ, ಮೂರು ಹಣಕಾಸು ವರ್ಷಗಳಲ್ಲಿ ಫ್ಯೂಚರ್ಸ್–ಆಪ್ಷನ್ಸ್ ಮಾಡಿದ ಒಂದು ಕೋಟಿಗೂ ಹೆಚ್ಚು ಬಿಡಿ ವ್ಯಕ್ತಿಗಳಲ್ಲಿ ಶೇ. 93 ಮಂದಿ ಕಳೆದುಕೊಂಡಿದ್ದಾರೆ, ಸರಾಸರಿ ತಲಾ ಸುಮಾರು 2 ಲಕ್ಷ ರೂಪಾಯಿ. ನಷ್ಟದಲ್ಲಿರುವವನು ಇನ್ನೂ ದೊಡ್ಡ ಜೂಜಿಗೆ ಇಳಿಯುತ್ತಾನೆ ಎಂಬುದು 1979ರ ಪ್ರಬಂಧದಲ್ಲೇ ಇದೆ. ಕೇಳದೆ ಸೇರಿಸುವುದು, ಸುಳ್ಳು ಅವಸರ ಹುಟ್ಟಿಸುವುದು ಇಂಥ 13 ತಂತ್ರಗಳನ್ನು ಕೇಂದ್ರದ ಗ್ರಾಹಕ ರಕ್ಷಣಾ ಪ್ರಾಧಿಕಾರ 2023ರ ನವೆಂಬರಿನಲ್ಲಿ ನಿಷೇಧಿಸಿದೆ. ಸ್ಕ್ರೀನ್‌ಶಾಟ್ ತೆಗೆದಿಟ್ಟು ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಿ.


ಸಂಘದ_ಸದಸ್ಯೆ

ಹಾಸನ ಜಿಲ್ಲೆಯಿಂದ. ಇಷ್ಟು ದಿನ ಓದುತ್ತಿದ್ದೆ, ಈಗ ಕೆಲಸದ ಪ್ರಶ್ನೆ ಕೇಳ್ತೀನಿ. ನಮ್ಮ ಸ್ವಸಹಾಯ ಸಂಘಗಳ ಒಕ್ಕೂಟದಲ್ಲಿ ಪ್ರತಿ ಜೂನ್‌ನಲ್ಲೂ ಸ್ಕೂಲ್ ಫೀಸ್, ಪುಸ್ತಕ, ಯೂನಿಫಾರಂ ಅಂತ ಎಲ್ಲರೂ ಒಟ್ಟಿಗೆ ಸಾಲ ಕೇಳ್ತಾರೆ. ಜನವರಿಯಿಂದಲೇ ಸ್ವಲ್ಪ ಸ್ವಲ್ಪ ಎತ್ತಿಡೋಣ ಅಂದರೆ ಎಲ್ಲರೂ ಹೂಂ ಅಂತಾರೆ, ಏಪ್ರಿಲ್‌ಗೆ ಡಬ್ಬಿ ಖಾಲಿ. ವಾರ ತಪ್ಪಿಸಿದವರಿಗೆ 20 ರೂಪಾಯಿ ದಂಡ ಹಾಕೋಣ ಅಂತ ಅಧ್ಯಕ್ಷೆ ಹೇಳ್ತಿದ್ದಾರೆ. ಹಾಕಬಹುದಾ?


ಕುಕ್ಕರಹಳ್ಳಿ

ಅಕ್ಕಾ, ದಂಡಕ್ಕೆ ಮೊದಲು ಇದನ್ನು ಕೇಳಿ. ಇಸ್ರೇಲಿನ ಹೈಫಾದ ಹತ್ತು ಶಿಶುವಿಹಾರಗಳಲ್ಲಿ ಮಕ್ಕಳನ್ನು ಕರೆದೊಯ್ಯಲು ತಡವಾಗಿ ಬರುವ ಪಾಲಕರದ್ದೇ ಗೋಳು. ಆರು ಕಡೆ ತಡವಾದವರಿಗೆ 10 ಶೆಕೆಲ್ ದಂಡ ಹಾಕಿದರು. ತಡ ಕಡಿಮೆಯಾಗಲಿಲ್ಲ, ಹೆಚ್ಚುಕಡಿಮೆ ಎರಡು ಪಟ್ಟಾಯಿತು. ಮೊದಲು ಟೀಚರಮ್ಮ ಕಾಯುತ್ತಾರೆ ಎಂಬ ಸಂಕೋಚವಿತ್ತು, ದಂಡ ಬಂದ ಮೇಲೆ ದುಡ್ಡು ಕೊಟ್ಟಿದ್ದೇವಲ್ಲ ಎಂಬ ಭಾವ. ದಂಡ ತೆಗೆದ ಮೇಲೂ ಹಳೆಯ ಸಂಕೋಚ ಮರಳಲಿಲ್ಲ. ಯೂರಿ ಗ್ನೀಜಿ, ಆಲ್ಡೊ ರುಸ್ಟಿಕಿನಿ 2000ದಲ್ಲಿ ಪ್ರಕಟಿಸಿದ್ದು. ನಿಮ್ಮ ಸಂಘ ನಡೆಯುವುದೇ ಒಬ್ಬರಿಗೊಬ್ಬರು ಮುಖ ಕೊಟ್ಟು ಮಾತಾಡುವ ಹಂಗಿನ ಮೇಲೆ. 20 ರೂಪಾಯಿಗೆ ಅದನ್ನು ಮಾರಬೇಡಿ.

ಮೈಸೂರಿನಲ್ಲಿ ದಂಡ ಕೆಲಸ ಮಾಡಿತಲ್ಲ ಎನ್ನಬಹುದು. ಅಲ್ಲಿ ಅದನ್ನು ಹಾಕಿಕೊಂಡವರು ಅವರೇ. ಹಾಕಿಕೊಳ್ಳದಿರುವ ದಾರಿ ದಿನವೂ ತೆರೆದಿತ್ತು.


ಅಂಕಿ_ಸಂಖ್ಯೆ

ನಿಮಗೆ ಹೊಂದುವುದು ಫಿಲಿಪ್ಪೀನ್ಸಿನ ಒಂದು ಮಾದರಿ. ಅಲ್ಲಿನ ಒಂದು ಗ್ರಾಮೀಣ ಬ್ಯಾಂಕಿನಲ್ಲಿ ಗ್ರಾಹಕರು ತಾವೇ ಒಂದು ದಿನಾಂಕವನ್ನೋ ಮೊತ್ತವನ್ನೋ ಹೇಳಿ ಖಾತೆ ತೆರೆಯುವುದು, ಅದು ಬರುವವರೆಗೆ ತೆಗೆಯುವಂತಿಲ್ಲ. ಹೆಚ್ಚಿನ ಬಡ್ಡಿ ಇಲ್ಲ. ಕೇಳಿದವರಲ್ಲಿ ಶೇ. 28 ಮಂದಿ ಒಪ್ಪಿದರು. ಒಂದು ವರ್ಷದ ಮೇಲೆ ನೋಡಿದರೆ, ಈ ಅವಕಾಶ ಸಿಕ್ಕ ಗುಂಪಿನ ಉಳಿತಾಯ ಸಿಗದ ಗುಂಪಿಗಿಂತ ಶೇಕಡಾ 81 ಅಂಶ ಹೆಚ್ಚು ಬೆಳೆದಿತ್ತು. ಎಲ್ಲರೂ ಒಪ್ಪಲಿಲ್ಲ ಎಂಬುದನ್ನು ಮರೆಯಬೇಡಿ, ಕಡ್ಡಾಯ ಮಾಡಬೇಡಿ.

ನಿಜಕ್ಕೂ ಉಪಯೋಗವಾಯಿತೇ ಎಂದು ತಿಳಿಯಬೇಕಿದ್ದರೆ: ಒಕ್ಕೂಟದ ಎಲ್ಲ ಸಂಘಗಳ ಹೆಸರು ಬರೆದು, ಎಲ್ಲರ ಎದುರಿಗೆ ಚೀಟಿ ಎತ್ತಿ, ಅರ್ಧ ಸಂಘಗಳಲ್ಲಿ ಈ ಜನವರಿ ಶುರುಮಾಡಿ, ಉಳಿದರ್ಧಕ್ಕೆ ಮುಂದಿನ ಜನವರಿ. ಇಷ್ಟವಿದ್ದ ಸಂಘಕ್ಕೆ ಮೊದಲು ಕೊಟ್ಟರೆ ಮೊದಲೇ ಶಿಸ್ತಿದ್ದವರು ಒಂದು ಕಡೆ ಸೇರಿಬಿಡುತ್ತಾರೆ, ಆಗ ಹೋಲಿಕೆಗೆ ಅರ್ಥವಿಲ್ಲ. ಜೂನ್‌ನಲ್ಲಿ ನೋಡುವುದು ಒಂದೇ ಅಂಕಿ: ಶಾಲೆಗಾಗಿ ತೆಗೆದ ಸಾಲ ತಲಾ ಎಷ್ಟು. ಅದನ್ನು ಈಗಲೇ ನಡಾವಳಿ ಪುಸ್ತಕದಲ್ಲಿ ಬರೆದಿಡಿ.


ಕಡಲತೀರ

ಒಂದು ಮಾತು. ಆಸ್ಪತ್ರೆಗೆ ಮಾತ್ರ ನಡುವೆ ತೆಗೆಯಲು ಬಿಡಿ. ಹಾಗೆ ಬಿಡದಿದ್ದರೆ ಎರಡನೇ ವರ್ಷ ಯಾರೂ ಸೇರುವುದಿಲ್ಲ. ಹಣ ಡಬ್ಬಿಯಲ್ಲಿ ಬೇಡ, ಬ್ಯಾಂಕಿಗೇ ಹೋಗಲಿ. ಮತ್ತೆ ಸಭೆಗೆ ಬಂದಾಗ ಕೊಡಿ ಎನ್ನುವ ಬದಲು ಹಾಲಿನ ಡೇರಿಯ ಬಟವಾಡೆ ದಿನ ಡೇರಿ ಬಾಗಿಲಲ್ಲೇ ಒಬ್ಬರು ಕೂತು ತೆಗೆದುಕೊಳ್ಳಲಿ. ದುಡ್ಡು ಮನೆ ಮುಟ್ಟಿದ ಮೇಲೆ ಕೇಳುವುದು ಕಷ್ಟ.


ಸಂಘದ_ಸದಸ್ಯೆ

ಡೇರಿ ಬಾಗಿಲಿನ ಯೋಚನೆ ನಮಗೆ ಹೊಳೆದೇ ಇರಲಿಲ್ಲ. ನಮ್ಮಲ್ಲಿ ಮುಕ್ಕಾಲು ಪಾಲು ಹೆಂಗಸರು ಹಾಲು ಹಾಕೋರೇ. ದಂಡದ ವಿಷಯ ಕೈಬಿಡಿ ಅಂತ ಅಧ್ಯಕ್ಷೆಗೆ ಹೇಳ್ತೀನಿ. ಚೀಟಿ ಎತ್ತೋದಕ್ಕೆ ಒಂದಿಬ್ಬರು ಬೇಜಾರು ಮಾಡ್ಕೋತಾರೆ, ಆದರೆ ಎಲ್ಲರ ಎದುರಿಗೇ ಎತ್ತಿದರೆ ಒಪ್ಪಿಸಬಹುದು. ಕಡಲತೀರ ಸರ್, ನಿಮ್ಮ ಹತ್ತಿರ ಪಿಗ್ಮಿ ಕಾರ್ಡಿನ ನಮೂನೆ ಇದ್ದರೆ ಫೋಟೋ ಹಾಕಿ. ಸಭೆ ಶುಕ್ರವಾರ ಇದೆ, ಅಷ್ಟರೊಳಗೆ ಕಾರ್ಡು ಅಚ್ಚು ಹಾಕಿಸಬೇಕು.


ಕಡಲತೀರ

ಇದೆ. ಮೂವತ್ತೊಂದು ಮನೆ, ಪ್ರತಿ ಮನೆಯಲ್ಲಿ ಮೊತ್ತ ಮತ್ತು ಏಜೆಂಟರ ಸಹಿ. ನೀವು ವಾರಕ್ಕೊಂದು ಮನೆ ಮಾಡಿ, ಜನವರಿಯಿಂದ ಜೂನ್ ಮೊದಲ ವಾರದವರೆಗೆ. ಕಾರ್ಡಿನ ತಲೆಯಲ್ಲಿ ಮಗುವಿನ ಹೆಸರು, ತರಗತಿ ಬರೆಯಲು ಜಾಗ ಬಿಡಿ. ಸಂಜೆ ಫೋಟೋ ಹಾಕುತ್ತೇನೆ.